ಎರಡು ಹೆಬ್ಬೆಟ್ಟಿನ ಜಾಗ

ಕಳೆದ ತಿಂಗಳು ಮಂಡ್ಯಕ್ಕೆ ಹೋಗುವಾಗ ಮದ್ದೂರಿನ ಹತ್ತಿರ, ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಎದ್ದಿರುವ ಹೋಟೆಲೊಂದಕ್ಕೆ ಹೋಗಿದ್ದೆವು. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋದರೆ ನನ್ನ ಗಂಡನಿಗೆ ಅದು ಪ್ರಯಾಣವೇ ಅಲ್ಲ. ಅವನು ವಡೆ ಮುರಿಯುತ್ತಿದ್ದಾಗ ನಾನು ಎದುರಿನ ಗೋಡೆ ನೋಡಿದೆ. ಅಲ್ಲೊಂದು ಚಂದ್ರಂಕಿಯನ್ನು ನೇತುಹಾಕಿ, ಅದರ ಸುರುಳಿಯೊಳಗೆ ಸಣ್ಣ ಸಣ್ಣ ಬಲ್ಬು ಸಿಕ್ಕಿಸಿದ್ದರು.

ಚಂದ್ರಂಕಿ ಎಂದರೆ ರೇಷ್ಮೆ ಹುಳು ಗೂಡು ಕಟ್ಟಲೆಂದು ಮಾಡಿಕೊಡುವ ಬಿದಿರಿನ ಮನೆ. ಕೆಳಗೆ ಆಳೆತ್ತರದ ತಟ್ಟಿ. ಅದರ ಮೇಲೆ ಮೂರು ಬೆರಳಗಲದ ಬಿದಿರ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ನಡುವಿನಿಂದ ಸುತ್ತುತ್ತ ಸುತ್ತುತ್ತ ಅಂಚಿನವರೆಗೆ ತಂದು ಬಿಗಿದಿರುತ್ತಾರೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಓಣಿಯಂಥ ಜಾಗ. ಹುಳು ಕೂರುವುದು ಆ ಓಣಿಯಲ್ಲಿ.

ಎದ್ದು ಹೋಗಿ ಮೂಗು ಹತ್ತಿರ ಒಯ್ದೆ. ವಾರ್ನಿಷ್ ವಾಸನೆ ಬಿಟ್ಟರೆ ಮತ್ತೇನೂ ಇಲ್ಲ. ಬಡಿಸುವವನು ಓಡಿಬಂದು, "ಅಮ್ಮಾ, ಮುಟ್ಬೇಡಿ, ಡೆಕೋರೇಷನ್ನು" ಎಂದ. ಟೇಬಲ್ಲಿನಿಂದಲೇ ನನ್ನ ಗಂಡ, "ಯಾಕೆ, ಔಷ್ದಿ ವಾಸ್ನೆ ಬತ್ತದಾ?" ಎಂದು ಕೇಳಿ ತಾನೇ ನಕ್ಕ. ಅವನ ಆ ನಗುವಿನ ಹಿಂದೆ ಒಂದು ಇಡೀ ಮಳೆಗಾಲವಿದೆ.

ನಾನು ಮಂಡ್ಯ ಪೇಟೆಯ ಮೇಷ್ಟರ ಮಗಳು. ಹಲಗೂರಿನಿಂದ ಬೆಟ್ಟದ ಕಡೆ ಹೊರಳುವ ದಾರಿಯಲ್ಲಿರುವ ಊರಿಗೆ ಸೊಸೆಯಾಗಿ ಬಂದು ಆಗ ಎರಡು ವರ್ಷ ಕಳೆದಿತ್ತು. ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಉದ್ದನೆಯ ಹುಳದ ಮನೆ, ಆ ಹುಳದ ಮನೆಗೆ ನನ್ನ ಅತ್ತೆ ಕೆಂಪಮ್ಮನವರೇ ಸರ್ಕಾರ. ಊರಿನ ಪಂಚಾಯಿತಿಯಲ್ಲಾದರೂ ಇನ್ನೊಬ್ಬರ ಮಾತು ನಡೆಯುತ್ತಿತ್ತು, ಹುಳದ ಮನೆಯಲ್ಲಿ ನಡೆಯುತ್ತಿರಲಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ, ಪಕ್ಕದಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ಟು. ಕಾಲು ತೊಳೆಯದೆ ಒಳಗೆ ಹೋದವರಿಗೆ ಬೀಳುತ್ತಿದ್ದ ಬೈಗುಳ ಬೀದಿ ಕೊನೆಗೆ ಕೇಳಿಸುತ್ತಿತ್ತು.

ಅತ್ತೆಯ ಮೂಗು ಅಂತಿಂಥದ್ದಲ್ಲ. ಹೊಗೆಸೊಪ್ಪಿನ ಗಾಳಿ ತಾಗಿದರೆ ಹುಳು ವಾಂತಿ ಮಾಡಿಕೊಂಡು ಸಾಯುತ್ತವೆ. ಆದ್ದರಿಂದ ಸೊಪ್ಪು ಕುಯ್ಯುವ ಆಳುಗಳಿಗೆ ಎಲೆ ಅಡಿಕೆ ಉಂಟು, ಹೊಗೆಸೊಪ್ಪು ಇಲ್ಲ. ನಮ್ಮ ಮಾವ ಬೀಡಿ ಬಿಟ್ಟದ್ದು ಯಾವ ಡಾಕ್ಟರ ಮಾತಿಗೂ ಅಲ್ಲ, ಈ ಮೂಗಿನ ಹೆದರಿಕೆಗೆ. ಇದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಹುಳು ಹಣ್ಣಾಗಿ ಗೂಡು ಕಟ್ಟುವಾಗ ಹೊರಗಿನವರ ಕಣ್ಣು ಬೀಳಬಾರದು. ಕೆಲವು ಊರುಗಳಲ್ಲಿ ಚಂದ್ರಂಕಿಗಳನ್ನು ಬೀದಿಯ ಗೋಡೆಗೇ ಒರಗಿಸಿ ಮೇಲೆ ಹಳೆ ಸೀರೆ ಮುಚ್ಚುತ್ತಾರೆ. ನಮ್ಮಲ್ಲಿ ಅದೂ ಇಲ್ಲ, ಎಲ್ಲವೂ ಒಳಗೇ. ಹೆತ್ತಮ್ಮ ನನ್ನನ್ನು ನೋಡಲು ಬಂದವಳು ಅಂಥ ದಿನವೊಂದರಲ್ಲಿ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಹುಳದ ಮುಖ ಕಾಣದೆ ವಾಪಸಾಗಿದ್ದಳು. ನನಗೆ ಸಿಟ್ಟು ಬಂದಿತ್ತು. ಅತ್ತೆಗೆ ಅದು ಸಿಟ್ಟಿನ ವಿಷಯವೆಂದೇ ಅನ್ನಿಸಿರಲಿಲ್ಲ. "ಬಾಣ್ತಿ ಕ್ವಾಣೆಗೆ ಊರೋರ್ನೆಲ್ಲ ಕರೀತಾರೇನೆ?" ಎಂದಿದ್ದರು.

ಆ ವರ್ಷ ಆಷಾಢದ ಗಾಳಿ ನಿಂತು ಶ್ರಾವಣದ ಜಿನುಗು ಮಳೆ ಹಿಡಿದಿತ್ತು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವಕ್ಕೆ ಬರುವ ಹಸಿವು ನೋಡಬೇಕು. ತೆಕ್ಕೆ ತೆಕ್ಕೆ ಸೊಪ್ಪು ಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಬರೀ ಕಡ್ಡಿ. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಹೆಂಚಿನ ಮೇಲೆ ಬೀಳುವ ಮಳೆಯ ಹಾಗೆಯೇ ಇರುತ್ತದೆ. ಮಳೆ ಹೊರಗಿದೆಯೋ ಒಳಗಿದೆಯೋ ತಿಳಿಯದೆ ನಾನು ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಓಡಿದ್ದುಂಟು.

ಇನ್ನೇನು ನಾಲ್ಕೈದು ದಿನಕ್ಕೆ ಹುಳು ಹಣ್ಣಾಗಬೇಕು ಎನ್ನುವಾಗ, ಅಟ್ಟದಿಂದ ಚಂದ್ರಂಕಿಗಳನ್ನು ಇಳಿಸಿದೆವು. ಮೊದಲನೆಯದು ಏಣಿಯ ಅರ್ಧಕ್ಕೆ ಬರುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ಏನ್ಲಾ ಅದು ವಾಸ್ನೆ?"

ನನ್ನ ಗಂಡ ಶಿವರಾಜ ಏಣಿಯ ಮೇಲೆ ನಿಂತೇ ಹೆಮ್ಮೆಯಿಂದ ಹೇಳಿದ. "ಬಿದ್ರುಗೆ ಉಳ ಇಡ್ದು ಪುಡಿ ಉದುರ್ತಿತ್ತು ಕಣವ್ವ. ಬಾಗ್ಲುವಾಡಕ್ಕೆ ತಂದಿದ್ ಗೆದ್ಲೌಷ್ದಿ ಮಿಕ್ಕಿತ್ತಲ್ಲ, ಎಲ್ಲಾಕೂ ಬಳ್ದ್ ಬುಟ್ಟಿವ್ನಿ."

ಅತ್ತೆ ಹೊರಗೆ ಬಂದರು. ಚಂದ್ರಂಕಿಯನ್ನು ಮೂಸಿದರು. ಮಗನ ಮುಖ ನೋಡಿದರು. "ಉಳ ಇಡೀತು ಅಂತ ಉಳ ಸಾಯೋ ಔಷ್ದಿ ಬಳ್ದೆ. ಸರಿ. ಈಗ ಇದ್ರ ಮ್ಯಾಲೆ ಏನ್ಲಾ ಬುಡ್ತೀಯ, ನಿಮ್ಮಪ್ಪನ್ನ ಬುಡ್ತೀಯಾ?"

ಶಿವರಾಜನಿಗೆ ಆಗ ಹೊಳೆಯಿತು. ಏಣಿಯ ಮೇಲೆ ಹಾಗೇ ಕೂತುಬಿಟ್ಟ. ಮಾವ ಒಳಗಿನಿಂದ ಕೆಮ್ಮಿದರು. ನಗುವಂತಿರಲಿಲ್ಲ, ಆದರೂ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ ಎಂಬುದು ನಿಜ. ಅತ್ತೆ ಅದನ್ನೂ ನೋಡಿದರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಹಣ್ಣಾದ ಹುಳು ಕಾಯುವುದಿಲ್ಲ. ಜಾಗ ಸಿಗದಿದ್ದರೆ ಸಿಕ್ಕಲ್ಲಿ ನೂಲು ಉಗುಳಿ, ಗೂಡಾಗದೆ, ಮುದುಡಿ ಹಾಳಾಗುತ್ತದೆ. ನೆರೆಹೊರೆಯವರಲ್ಲಿ ಕೇಳುವಂತಿರಲಿಲ್ಲ. ಊರಿನವರೆಲ್ಲ ಒಂದೇ ಕಡೆಯಿಂದ ಮರಿಹುಳು ತಂದಿದ್ದರಿಂದ ಎಲ್ಲರ ಹುಳುವೂ ಒಂದೇ ಸಲ ಹಣ್ಣಾಗುತ್ತಿದ್ದವು. ಶಿವರಾಜ ಮಳವಳ್ಳಿಗೆ ಹೋಗಿ ಪ್ಲಾಸ್ಟಿಕ್ಕಿನವಕ್ಕೆ ಅಂಗಡಿ ಅಂಗಡಿ ಅಲೆದು, ಮುಂದಿನ ವಾರ ಬರುತ್ತವೆಂಬ ಉತ್ತರ ತಂದ. ಅತ್ತೆ ಬೈಯುವುದನ್ನು ನಿಲ್ಲಿಸಿದ್ದರು. ಅವರು ಬೈಯದಿದ್ದರೆ ಮನೆಯಲ್ಲಿ ಎಲ್ಲರಿಗೂ ಹೆದರಿಕೆ.

"ಬೆಟ್ಟದ್ ಮ್ಯಾಲೆ ಮಾದಮ್ಮ ಅವ್ಳೆ. ಓಗ್ ನೋಡು" ಎಂದರು ಕೊನೆಗೆ. "ಇವ್ಳನ್ನೂ ಕರ್ಕೊಂಡೋಗು. ನಿನ್ ಮೊಖ ನೋಡಿ ಯಾರೂ ಉಪ್ಕಾರ ಮಾಡಲ್ಲ."

ಮೇಲಿನ ದೊಡ್ಡಿ ಬೆಟ್ಟದ ಹೆಗಲ ಮೇಲಿರುವ ಪುಟ್ಟ ಕೇರಿ. ಬಿದಿರಿನ ಕೆಲಸದ ಮೇದರ ಮನೆಗಳು ಒಂದು ಹತ್ತಿರಬಹುದು. ಬೈಕು ನಿಲ್ಲಿಸಿ ಕೊನೆಯ ಏರು ನಡೆದು ಹತ್ತಬೇಕು. ಮನೆಗಳ ಹಿಂದೆ ಬಿದಿರ ಮೆಳೆ, ಮುಂದೆ ಮೋಡ. ಮಾದಮ್ಮ ಜಗಲಿಯಲ್ಲಿ ಕೂತು ಮದುವೆ ಮನೆಯ ಬಾಗಿನದ ಮೊರಕ್ಕೆ ಅಂಚು ಕಟ್ಟುತ್ತಿದ್ದಳು. ಅತ್ತೆಯ ಓರಗೆಯವಳು. ಕೈಗಳನ್ನು ನೋಡಿದರೆ ಮಾತ್ರ ಇಬ್ಬರು ಗಂಡಸರ ಕೈ ಒಂದು ಹೆಂಗಸಿಗೆ ಬಂದ ಹಾಗಿತ್ತು.

ಶಿವರಾಜ ನಡೆದದ್ದನ್ನು ಹೇಳಿದ. ಮಾದಮ್ಮ ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕಪಕ್ಕದ ಮನೆಯವರನ್ನು ಕರೆದು ಇನ್ನೊಮ್ಮೆ ಅವನ ಬಾಯಲ್ಲೇ ಹೇಳಿಸಿದಳು. ಆಮೇಲೆ ತಲೆಯಾಡಿಸಿದಳು.

"ಚಂದ್ರಂಕಿ ಎಣ್ಯೋದ್ನೇ ಬುಟ್ ಬುಟ್ಟಿವಿ ಕಣಪ್ಪ. ಎಲ್ರೂ ಪ್ಲಾಸ್ಟಿಕ್ ಕೇಳ್ತಾರೆ. ಈಗೇನಿದ್ರೂ ಮೊರ, ಊವಿನ್ ಬುಟ್ಟಿ. ಅದ್ರಾಗೂ ಮಳೆ. ಪಟ್ಟಿ ಒಣಗ್ಬೇಕಲ್ಲ?"

"ನಿಮ್ಮನ್ನ ಬುಟ್ರೆ ಗತಿ ಇಲ್ಲ ಮಾದಮ್ಮ" ಎಂದೆ ನಾನು. "ಇನ್ನು ಮೂರ್ನಾಲ್ಕು ದಿನಕ್ಕೆ ಹುಳ ಹಣ್ಣಾಗ್ತವೆ."

ಅವಳು ನನ್ನನ್ನು ನೋಡಿದಳು. "ನೀನು ನೋಡಿದ್ದೀಯಾ ತಾಯಿ, ಗೂಡ್ ಕಟ್ಟೋದ?"

"ನೋಡಿದ್ದೀನಿ."

"ನಾನ್ ನೋಡಿಲ್ಲ" ಎಂದಳು. ನಮಗೆ ನಂಬಿಕೆ ಬರಲಿಲ್ಲ. "ಮದ್ವೆ ಆಗಿ ಬಂದಾಗ್ನಿಂದ ಚಂದ್ರಂಕಿ ಎಣ್ದಿವ್ನಿ. ತಲೆ ಮ್ಯಾಲೆ ಒತ್ಕೊಂಡು ಊರೂರ್ ಸುತ್ತಿವ್ನಿ. ಖಾಲೀದ್ ಕೊಟ್ ಬತ್ತಿವಿ. ಗೂಡ್ ಬುಡ್ಸಾದ್ ಮ್ಯಾಲೆ ಮುರ್ದೋಗಿರೋದ ಕಟ್ಟಾಕ್ ಕರೀತಾರೆ, ಆಗ್ಲೂ ಖಾಲಿ. ನಡುವ್ಲ ದಿನ ನಮ್ಗೆ ಬಾಗ್ಲಿಲ್ಲ. ಬೀದೀಲ್ ನಿಲ್ಸಿದ್ರೂ ಮ್ಯಾಲೆ ಸೀರೆ."

ಮಡಿಲಿನ ಮೊರ ಕೆಳಗಿಟ್ಟು ತನ್ನ ಎರಡು ಹೆಬ್ಬೆಟ್ಟುಗಳನ್ನು ಜೋಡಿಸಿ ನಮ್ಮ ಮುಂದೆ ಹಿಡಿದಳು. "ಸುತ್ತಿಗೂ ಸುತ್ತಿಗೂ ಎರಡ್ ಹೆಬ್ಬೆಟ್ ಜಾಗ ಬುಡು ಅಂತ ನಮ್ಮವ್ವ ಕಲ್ಸಿದ್ಲು. ನಮ್ಮವ್ವನ್ ಕೈ ಮಗೀನ್ ಕೈ ಇದ್ದಂಗಿತ್ತು. ನಂದ್ ನೋಡು, ಒನಕೆ! ಯಾರ್ ಹೆಬ್ಬೆಟ್ಟವ್ವ ಅಂತ ಕೇಳಾಕ್ ಮುಂಚೆ ಓಗ್ಬುಟ್ಲು. ನಾನು ನನ್ದೇ ಇಟ್ಕೊಂಡು ಎಣ್ಕೊಂಡ್ ಬಂದೆ. ಕೊಂಡೋರು ಚೆನ್ನಾಗದೆ ಅಂತಾರೆ. ಮನ್ಸರು ಅಂತಾರೆ ಬುಡು. ಉಳ ಏನಂತದೆ ಅಂತ ನನ್ಗೆ ಗೊತ್ತಿಲ್ವಲ್ಲ."

ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ದುಡ್ಡು ಕೊಟ್ಟಷ್ಟು ಕೊಡಿ" ಎಂದಳು. "ಆದ್ರೆ ನನ್ ಚಂದ್ರಂಕಿ ಮ್ಯಾಲೆ ಉಳ ಕಟ್ಟೋದ ಒಂದ್ ಕಿತ ತೋರಿಸ್ಬೇಕು. ಆಗ್ತದೆ ಅನ್ನು, ಈಗ್ಲೇ ಕತ್ತಿ ಇಡೀತೀನಿ."

"ಆಗ್ತದೆ" ಎಂದುಬಿಟ್ಟ ಶಿವರಾಜ. ಔಷಧಿ ಬಳಿದಷ್ಟೇ ಸಲೀಸಾಗಿ. ಹುಳದ ಮನೆಯ ಸರ್ಕಾರ ಕೆಳಗಿದೆ ಎಂಬುದು ನನಗೆ ನೆನಪಾಯಿತು, ಅವನಿಗೆ ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಸೊಪ್ಪು ಹಾಕಿ ನಾನು ಬೆಟ್ಟ ಹತ್ತುತ್ತಿದ್ದೆ. ನೀರು ತರುವುದು, ಪಟ್ಟಿ ಹೊರುವುದು, ಇಂಥ ಕೆಲಸಕ್ಕೆ ನಾನು. ಆದರೆ ಬಹಳ ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದೆ. ಅಪ್ಪ ನಮ್ಮನ್ನೆಲ್ಲ ಬಸರಾಳಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಕಲ್ಲಿನ ಒಂದೊಂದು ಬಳ್ಳಿಯನ್ನೂ ಬೆರಳಿಟ್ಟು ತೋರಿಸಿ, ಇದನ್ನು ಮನುಷ್ಯರೇ ಮಾಡಿದರು ಅಂದರೆ ನಂಬುತ್ತೀರಾ ಎಂದು ಕೇಳುತ್ತಿದ್ದ. ಅಲ್ಲಿ ಕಲ್ಲು ಮಾತ್ರ ಇತ್ತು, ಮಾಡಿದ ಕೈ ಇರಲಿಲ್ಲ. ಇಲ್ಲಿ ಕೈಯೇ ಕಣ್ಣೆದುರಿಗೆ ಇತ್ತು. ಆದರೂ ನಂಬಲು ಕಷ್ಟವಾಗುತ್ತಿತ್ತು.

ಹಸಿ ಬಿದಿರ ಗಳವನ್ನು ಕಾಲ ಬೆರಳಿಗೂ ಮೊಣಕಾಲಿಗೂ ನಡುವೆ ಸಿಕ್ಕಿಸಿ, ತುದಿಗೆ ಕತ್ತಿ ಇಟ್ಟು ಒಂದು ತಟ್ಟು ತಟ್ಟಿದರೆ ಗಳ ತಾನೇ ಬಾಯಿ ಬಿಡುತ್ತಿತ್ತು. ಆಮೇಲೆ ಕತ್ತಿಗೆ ಕೆಲಸವಿಲ್ಲ. ಸೀಳನ್ನು ಎರಡು ಕೈಯಲ್ಲಿ ಹಿಡಿದು ಮಾದಮ್ಮ ಅಗಲಿಸುತ್ತ ಹೋದರೆ ಚರ್ರ್ ಎಂದು ಉದ್ದಕ್ಕೂ ಬಿಟ್ಟುಕೊಳ್ಳುತ್ತಿತ್ತು. ಗಿಣ್ಣು ಬಂದಾಗ ಒಂದು ಕೈಯ ಒತ್ತಡ ಬದಲಿಸುತ್ತಿದ್ದಳು, ಅಷ್ಟೆ. ಸೀಳು ಎಲ್ಲೂ ದಾರಿ ತಪ್ಪುತ್ತಿರಲಿಲ್ಲ. ಬಿದಿರಿನ ಒಳಗೆ ಒಂದು ಗೆರೆ ಮೊದಲೇ ಇತ್ತು, ಅವಳು ಅದನ್ನು ಬಿಡಿಸಿಕೊಟ್ಟಳು ಅನ್ನಿಸುತ್ತಿತ್ತು. ಹಸಿಯ ಅಂಶ ಹೋಗಲಿ ಎಂದು ಪಟ್ಟಿಗಳನ್ನು ಕೆಂಡದ ಮೇಲೆ ಕಟ್ಟಿದ ಅಡ್ಡೆಗೆ ಹರಡುತ್ತಿದ್ದರು. ಕೆಂಡದಲ್ಲಿ ಹೊಗೆ ಎದ್ದರೆ ಆ ಕ್ಷಣವೇ ಹೊರಗೆ. ಹೊಗೆ ಕುಡಿದ ಪಟ್ಟಿ ಹುಳಕ್ಕೆ ಆಗುವುದಿಲ್ಲವಂತೆ.

ಕೇರಿಯೆಲ್ಲ ಕೂತಿತ್ತು. ತಟ್ಟಿ ಹೆಣೆಯುವುದು ಗಂಡಸರು, ಪಟ್ಟಿ ತೆಗೆಯುವುದು ಹೆಂಗಸರು. ಸುರುಳಿ ಸುತ್ತುವುದು ಮಾತ್ರ ಮಾದಮ್ಮ, ಅವಳ ಮಗಳು ಸುಂದ್ರಮ್ಮ. ಸುತ್ತುವ ಮೊದಲು ಮಾದಮ್ಮ ಪ್ರತಿ ಪಟ್ಟಿಯನ್ನೂ ತುದಿಯಿಂದ ತುದಿಗೆ ತನ್ನ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದಳು. ಸಿಬಿರು ತಾಗಿದ ಕಡೆ ನಿಲ್ಲಿಸಿ ಕತ್ತಿಯ ಬೆನ್ನಿನಿಂದ ಹೆರೆದು, ಮತ್ತೆ ಕೆನ್ನೆಗೆ. "ಕೈಗೇನ್ ಗೊತ್ತಾಯ್ತದೆ ತಾಯಿ, ಕೈ ಕಲ್ಲಾಗದೆ. ಉಳದ ಮೈ ಮಗೀನ್ ಮೈಯಂತೆ" ಎಂದಳು. ಸಂಜೆಗೆ ಅವಳ ಕೆನ್ನೆಯ ಮೇಲೆ ಸಣ್ಣ ಕೆಂಪು ಗೀರುಗಳು. ಎಂದೂ ಕಾಣದ ಹುಳಕ್ಕಾಗಿ ಒಬ್ಬಳು ಇಷ್ಟು ವರ್ಷ ಕೆನ್ನೆ ಕೊಟ್ಟಿದ್ದಾಳೆ ಎಂದು ನನಗೆ ಅಳುವೇ ಬಂತು. ಮೋಡ ಸರಿದು ಬಿಸಿಲು ಇಣುಕಿದಾಗ ಮುಗಿದ ಚಂದ್ರಂಕಿಗಳು ಹೊಸ ಚಿನ್ನದ ಬಣ್ಣ ತಾಳಿ ಹೊಳೆಯುತ್ತಿದ್ದವು. ಸುತ್ತನ್ನು ನಡುವಿನಿಂದ ನೋಡುತ್ತ ಹೋದರೆ ಕಣ್ಣು ಅಂಚಿಗೆ ಬಂದು ಮತ್ತೆ ತಾನೇ ಒಳಗೆ ಹೋಗುತ್ತಿತ್ತು.

ಕೊನೆಯ ಹೊರೆ ಇಳಿಸಿದ ದಿನ ಮಾದಮ್ಮನೂ ಜೊತೆಗೆ ಬಂದಳು. ಆ ಬೆಳಿಗ್ಗೆಯಷ್ಟೇ ಹುಳು ಹಣ್ಣಾಗತೊಡಗಿದ್ದವು. ಮೈ ಬೆಳ್ಳಗಿದ್ದದ್ದು ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗಿನದು ಕಾಣುವಂತಾಗಿ, ಸೊಪ್ಪು ಬಿಟ್ಟು ತಲೆ ಎತ್ತಿ ಆಚೀಚೆ ಆಡಿಸುತ್ತಿದ್ದವು. ಮನೆ ತುಂಬಿದ್ದ ಮಳೆಯ ಸದ್ದು ಸ್ವಲ್ಪ ಸ್ವಲ್ಪವೇ ನಿಲ್ಲುತ್ತಿತ್ತು. ಮೊದಲು ಬಂದ ಚಂದ್ರಂಕಿಗಳಿಗೆ ಆಗಲೇ ಹುಳು ಬಿಟ್ಟಿದ್ದೆವು.

ಶಿವರಾಜ ಗಂಟಲು ಸರಿಮಾಡಿಕೊಂಡು ಮಾತು ಕೊಟ್ಟ ಸಂಗತಿ ಹೇಳಿದ. ಅತ್ತೆಯ ಮುಖ ಕಲ್ಲಾಯಿತು.

"ಅದೊಂದ್ ಬುಟ್ಟು ಏನಾದ್ರೂ ಕೇಳು ಮಾದಮ್ಮ. ಸೀರೆ ಕೇಳು, ರಾಗಿ ಕೇಳು. ನಮ್ಮತ್ತೆ ಕಾಲ್ದಿಂದ ನಡ್ಕೊಂಡ್ ಬಂದಿರೋದ ನಾನ್ ಮುರಿಯಾಕಾಯ್ತದಾ?"

ಮಾದಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಜಗಳಕ್ಕೆ ಬರಲಿಲ್ಲ. "ನಿಂದೂ ಸರಿ ಕಣ ಕೆಂಪಕ್ಕ" ಎಂದಳು. "ಮಾತ್ ಕೊಟ್ಟೋನು ನಿನ್ ಮಗ, ನೀನಲ್ಲ." ಅಷ್ಟು ಹೇಳಿ ತನ್ನ ಎರಡೂ ಹೆಬ್ಬೆಟ್ಟು ನೋಡಿಕೊಂಡಳು. ಜಗಲಿಯ ಮೇಲೆ ನನ್ನಮ್ಮ ಕೂತಿದ್ದ ಜಾಗವೇ ಅದು.

ಅತ್ತೆ ಹೊಸ ಚಂದ್ರಂಕಿಗಳ ಕಡೆ ತಿರುಗಿದರು. ಒಳಗೆ ಒಯ್ಯುವ ಮೊದಲು ಒಂದೊಂದನ್ನೂ ಮೂಸುವುದು ಈಗ ಕಡ್ಡಾಯವಾಗಿತ್ತು. ಒಂದು ಮೂಸಿದರು, ಇನ್ನೊಂದು ಮೂಸಿದರು. ಮೂರನೆಯದರಲ್ಲಿ ಮೂಗು ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ ಬಂದು ಮಾದಮ್ಮನ ಪಕ್ಕ ಬಾಗಿ ಅವಳನ್ನೂ ಮೂಸಿದರು! ನಾವೆಲ್ಲ ದಂಗಾದೆವು.

"ನೀನ್ ಒಗೆಸೊಪ್ ಆಕ್ತಿದ್ದೆ ಅಲ್ವಾ?"

"ಉಟ್ದಾಗ್ನಿಂದ" ಎಂದು ನಕ್ಕಳು ಮಾದಮ್ಮ.

"ಚಂದ್ರಂಕೀಲಿ ಬಿದ್ರು ವಾಸ್ನೆ ಬುಟ್ರೆ ಏನೂ ಇಲ್ಲ. ನಿನ್ ಮೈಯಾಗೂ ಇಲ್ಲ."

"ನಿಮ್ಮನೆ ಕೆಲ್ಸಕ್ ಕತ್ತಿ ಇಡ್ದ್ ದಿನ್ದಿಂದ ಬಾಯ್ಗಾಕಿಲ್ಲ ಕಣಕ್ಕ. ಯಾವಾಗ್ ಚಂದ್ರಂಕಿ ಎಣುದ್ರೂ ಅಂಗೇಯ. ಪಟ್ಟಿ ಕೆನ್ನೆಗಿಕ್ಕೋಬೇಕಲ್ಲ, ಬಾಯ್ ವಾಸ್ನೆ ಅತ್ತದೆ. ತಲೆ ಸಿಡೀತದೆ, ಸಿಡೀಲಿ ಬುಡು."

ಅತ್ತೆ ತಮ್ಮ ಮನೆಯ ಗಂಡಸರಿಂದ ಬೈದು, ಬೇಡಿ, ಆಣೆ ಹಾಕಿಸಿ ಮಾಡಿಸಿದ್ದನ್ನು ಇವಳು ಬೆಟ್ಟದ ಮೇಲೆ ಕೂತು ಯಾರೂ ಹೇಳದೆ ಮಾಡಿಕೊಂಡು ಬಂದಿದ್ದಳು. ಅತ್ತೆ ಒಳಗೆ ಹೋದರು. ಸಿಟ್ಟಾದರು ಎಂದುಕೊಂಡೆವು. ಬ್ಲೀಚಿಂಗ್ ನೀರಿನ ಬಕೆಟ್ಟನ್ನು ತಾವೇ ಹೊತ್ತು ತಂದು ಮಾದಮ್ಮನ ಕಾಲ ಬಳಿ ಇಟ್ಟರು.

"ಕಾಲ್ ತೊಳ್ಕೋ. ಬಾ."

ಹುಳದ ಮನೆಯಲ್ಲಿ ಅಷ್ಟು ಹೊತ್ತಿಗೆ ಸದ್ದು ಪೂರ್ತಿ ನಿಂತಿತ್ತು. ಜಾಲರಿಯ ಕಿಟಕಿಯಿಂದ ಮಳೆಯ ಮಬ್ಬು ಬೆಳಕು. ಗೋಡೆಯುದ್ದಕ್ಕೂ ಓರೆಯಾಗಿ ನಿಲ್ಲಿಸಿದ ಚಂದ್ರಂಕಿಗಳು, ಪ್ರತಿ ಓಣಿಯಲ್ಲೂ ಹುಳು. ಮಾದಮ್ಮ ಹೊಸ್ತಿಲ ಒಳಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಅತ್ತೆ ಅವಳ ರಟ್ಟೆ ಹಿಡಿದು ಹತ್ತಿರ ಕರೆದೊಯ್ದರು.

ಒಂದು ಹುಳು ಬಿದಿರ ಪಟ್ಟಿಯ ಮೇಲೆ ನಡೆಯುತ್ತಿತ್ತು. ನಿಂತಿತು. ಈ ಕಡೆಯ ಗೋಡೆಗೆ ಬಾಯಿ ತಾಗಿಸಿತು, ತಲೆ ಎತ್ತಿ ತೂಗಿ ಆ ಕಡೆಯ ಗೋಡೆಗೆ ತಾಗಿಸಿತು. ನಡುವೆ ಏನೂ ಇಲ್ಲ ಅನ್ನಿಸಿತು. ಬೆಳಕಿಗೆ ಓರೆಯಾಗಿ ನೋಡಿದಾಗ ಇತ್ತು, ಒಂದು ಎಳೆ. ಮತ್ತೆ ಈ ಕಡೆ, ಮತ್ತೆ ಆ ಕಡೆ. ಮೈ ಹಿಗ್ಗಿಸುವುದೂ ಬೇಡ, ಕುಗ್ಗಿಸುವುದೂ ಬೇಡ, ಕೂತಲ್ಲೇ ಕೂತು ಎರಡು ಗೋಡೆಯೂ ಸಿಗುತ್ತಿದ್ದವು. ನೋಡನೋಡುತ್ತ ಎಳೆಗಳು ಸೇರಿ ತೆಳ್ಳನೆ ಮಂಜಿನಂತಾದವು. ಆ ಮಂಜಿನ ನಡುವೆ ಹುಳು ತಲೆ ತೂಗುತ್ತಲೇ ಇತ್ತು. ಹಾಗೆ ಒಂದಲ್ಲ, ಗೋಡೆ ತುಂಬ ಸಾವಿರ ತಲೆ ಸದ್ದಿಲ್ಲದೆ ತೂಗುತ್ತಿದ್ದವು. ನಾನು ಎರಡು ವರ್ಷದಿಂದ ನೋಡುತ್ತಿದ್ದದ್ದೇ ಅದು. ಆದರೆ ಕೆಲಸವೆಂದು ನೋಡಿದ್ದೆ. ಅಂದು ಮಾದಮ್ಮನ ಜೊತೆ ನಿಂತು ನೋಡಿದೆ.

ಮಾದಮ್ಮ ಮುಟ್ಟಲಿಲ್ಲ. ತನ್ನ ಎರಡು ಹೆಬ್ಬೆಟ್ಟುಗಳನ್ನು ಜೋಡಿಸಿ, ಹುಳುವಿನ ಎದುರು ದೂರದಿಂದಲೇ ಗಾಳಿಯಲ್ಲಿ ಹಿಡಿದಳು. ಹುಳು ಈ ಗೋಡೆಯಿಂದ ಆ ಗೋಡೆಗೆ ಹೋಯಿತು.

"ಸರಿಯಾಗದೆ ಕಣಕ್ಕ" ಎಂದಳು. "ನಂದೂ ಸರಿಯಾಗೇ ಅದೆ."

ಅತ್ತೆಯೂ ಬಾಗಿ ನೋಡುತ್ತಿದ್ದರು. ಗೂಡು ಎಣಿಸಿದವರು, ತೂಗಿದವರು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿದವರು ಅವರೇ. ಆದರೂ ಆ ಓಣಿಯ ಅಗಲವನ್ನು ಯಾವತ್ತೂ ನೋಡಿರಲಿಲ್ಲ ಎಂದು ಕಾಣುತ್ತದೆ. ಇಬ್ಬರೂ ಪಕ್ಕಪಕ್ಕದಲ್ಲಿ ಹಾಗೇ ಕೂತರು. ಅಡುಗೆಗೆ ನಾನೇ ಹೋದೆ.

ಆ ಸಲದ ಗೂಡು ಗಟ್ಟಿಯಾಗಿ, ಬೆಳ್ಳಗೆ ಬಂತು. ಯಾರ ಕಣ್ಣೂ ತಾಗಿರಲಿಲ್ಲ. ಮುಂದಿನ ಬೆಳೆಯಲ್ಲಿ ಹುಳು ತಲೆ ಎತ್ತಿದ ಬೆಳಿಗ್ಗೆ ಅತ್ತೆ ಮಗನನ್ನು ಎಬ್ಬಿಸಿ, "ಓಗ್ಲಾ, ಮಾದಮ್ಮನ್ನ ಕರ್ಕೊಂಡ್ ಬಾ" ಎಂದರು. ಯಾಕವ್ವ, ಚಂದ್ರಂಕಿ ಎಲ್ಲ ಇವೆಯಲ್ಲ ಎಂದು ಅವನು ಕಣ್ಣುಜ್ಜಿಕೊಂಡ. "ಚಂದ್ರಂಕಿಗಲ್ಲ ಕಣ್ಲಾ. ನೋಡಾಕೆ. ಬರೋವಾಗ ನಿನ್ ಎಂಡ್ರ ಅವ್ವಂಗೂ ಒಂದ್ ಫೋನ್ ಮಾಡು." ನನ್ನಮ್ಮ ಮಂಡ್ಯದಿಂದ ಮೊದಲ ಬಸ್ಸಿಗೇ ಬಂದಳು. ಅಲ್ಲಿಂದಾಚೆ ಮಾದಮ್ಮ ಇರುವವರೆಗೂ ನಮ್ಮ ಮನೆಯಲ್ಲಿ ಹುಳು ಹಣ್ಣಾದರೆ ಅವಳು ಬರುತ್ತಿದ್ದಳು. ಬಂದು ಕಾಲು ತೊಳೆದು ಒಳಗೆ ಹೋಗಿ ಕೂರುತ್ತಿದ್ದಳು. ನಾವು ಪ್ಲಾಸ್ಟಿಕ್ಕಿನವಕ್ಕೆ ಬದಲಾದ ಮೇಲೂ ಅತ್ತೆ ಒಂದು ಸಾಲು ಅವಳವನ್ನೇ ಉಳಿಸಿಕೊಂಡಿದ್ದರು.

ಹೋಟೆಲಿನಲ್ಲಿ ಬಡಿಸುವವನು ಬಿಲ್ಲು ತರಲು ಒಳಗೆ ಹೋದ. ನಾನು ಮತ್ತೆ ಗೋಡೆಯ ಹತ್ತಿರ ಹೋಗಿ ಒಂದು ಬಲ್ಬನ್ನು ಪಕ್ಕಕ್ಕೆ ಸರಿಸಿದೆ. ವಾರ್ನಿಷ್ಷಿನ ಅಡಿಯಲ್ಲಿ, ಪಟ್ಟಿಯ ಮೂಲೆಗೆ, ಒಂದು ಚೂರು ರೇಷ್ಮೆ ಇನ್ನೂ ಅಂಟಿಕೊಂಡಿತ್ತು. ಇಲ್ಲೂ ಒಂದು ಹುಳು ಕೂತು ತಲೆ ತೂಗಿತ್ತು. ನನ್ನ ಎರಡು ಹೆಬ್ಬೆಟ್ಟುಗಳನ್ನು ಜೋಡಿಸಿ ಓಣಿಯೊಳಗೆ ಇಟ್ಟೆ. ನನ್ನವು ಮೇಷ್ಟರ ಮಗಳ ಸಣ್ಣ ಬೆರಳು. ಎರಡೂ ಒಳಗೆ ಹೋದವು. ಇನ್ನೂ ಸ್ವಲ್ಪ ಜಾಗ ಉಳಿಯಿತು, ಒನಕೆಯಂಥ ಹೆಬ್ಬೆಟ್ಟಿಗೆ ಬೇಕಾದಷ್ಟು.